ಏಲಕ್ಕಿಯ ನೆರಳಲ್ಲಿ ಆನೆಯ ದಾರಿ: ಕುಮಳಿ–ತೇಕ್ಕಡಿಯ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಏಲಕ್ಕಿ ತೋಟವನ್ನೂ ಕಾಡುಪ್ರಾಣಿಗಳನ್ನೂ ಒಂದೇ ಪ್ರವಾಸದಲ್ಲಿ ನೋಡಬಹುದಾದ ಊರು ಯಾವುದೆಂದು ಕೇಳಿದ್ದ ಓದುಗರೊಬ್ಬರಿಗೆ ಕಳೆದ ಸಂಚಿಕೆಯಲ್ಲಿ ಕೇರಳದ ಇಡುಕ್ಕಿ ಜಿಲ್ಲೆಯ ಕುಮಳಿಯನ್ನು ಸೂಚಿಸಿದ್ದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ತಮಿಳುನಾಡಿನ ಗಡಿಗೆ ಒತ್ತಿಕೊಂಡಿರುವ ಈ ಊರು, ನಾಲ್ಕು ಕಿಲೋಮೀಟರ್ ಆಚೆಗಿನ ತೇಕ್ಕಡಿಗೂ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶಕ್ಕೂ ಬಾಗಿಲಿನಂತಿದೆ. ಆ ಚಿಕ್ಕ ಉತ್ತರದ ಬೆನ್ನಿಗೆ ಬಂದ ಪತ್ರಗಳು ಹಲವು. ಅವುಗಳಲ್ಲಿ ಹೆಚ್ಚಿನವು ತೋಟದ ಬಗ್ಗೆ ಅಥವಾ ಕಾಡಿನ ಬಗ್ಗೆ ಬೇರೆಬೇರೆಯಾಗಿ ಕೇಳಿದ್ದರೂ ಉತ್ತರ ಬರೆಯಲು ಕುಳಿತಾಗ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ನನಗೆ ಸಾಧ್ಯವಾಗಲಿಲ್ಲ. ಏಲಕ್ಕಿಯು ಮೂಲತಃ ಅದೇ ಕಾಡಿನ ನೆರಳಿನ ಗಿಡವಾದ್ದರಿಂದ ಹೀಗಾಗುವುದು ಸಹಜವೇ. ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಕುಮಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಇಬ್ಬರು ಮಕ್ಕಳೊಂದಿಗೆ ಮೂರು ದಿನದ ಮಟ್ಟಿಗೆ ತೇಕ್ಕಡಿಗೆ ಹೋಗಬೇಕೆಂದಿದ್ದೇವೆ. ಮಕ್ಕಳಿಗೆ ಹುಲಿ ನೋಡುವ ಆಸೆ. ಯಾವ ತಿಂಗಳು ಒಳ್ಳೆಯದು? ದೋಣಿ ವಿಹಾರ ಸುರಕ್ಷಿತವೇ? (ಓದುಗರು, ಬೆಂಗಳೂರು)

ಉತ್ತರ: ಹುಲಿಯ ಆಸೆಯನ್ನು ಹೊರಡುವ ಮೊದಲೇ ಮಕ್ಕಳ ಮನಸ್ಸಿನಿಂದ ಮೆಲ್ಲಗೆ ಇಳಿಸಿಬಿಡಿ. ಪೆರಿಯಾರ್ 1978ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು, 925 ಚದರ ಕಿಲೋಮೀಟರ್ ವಿಸ್ತಾರದ್ದು. ಅಲ್ಲಿ ಹುಲಿಗಳಿವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ನಮ್ಮ ಬಂಡೀಪುರ, ನಾಗರಹೊಳೆಗಳಂತೆ ಜೀಪಿನಲ್ಲಿ ಕುಳಿತು ಸುತ್ತಬಹುದಾದ ಬಯಲು ಬೆರೆತ ಕಾಡಲ್ಲ. ದಟ್ಟ ನಿತ್ಯಹರಿದ್ವರ್ಣದ ಮರಗಳ ನಡುವೆ ಇಪ್ಪತ್ತು ಅಡಿ ಆಚೆ ನಿಂತ ಆನೆಯೂ ಕಣ್ಣಿಗೆ ಬೀಳುವುದಿಲ್ಲ. ಪ್ರವಾಸಿಗರಿಗೆ ತೆರೆದಿರುವುದು ಈ ಕಾಡಿನ ಒಂದು ಅಂಚು ಮಾತ್ರ. ಹಾಗಿರುವುದರಿಂದಲೇ ಒಳಗಿನ ಕಾಡು ಕಾಡಾಗಿ ಉಳಿದಿದೆ ಎಂದು ನಾನು ನಂಬುತ್ತೇನೆ.

ಮಕ್ಕಳಿಗೆ ತೋರಿಸಲು ಹುಲಿಯಲ್ಲದೆ ಬೇರೆ ಬಹಳವಿದೆ. ನೀರಿನಂಚಿಗೆ ಇಳಿಯುವ ಆನೆಯ ಹಿಂಡು, ಕಾಟಿ, ಕಡವೆ, ದಡದ ಬಂಡೆಗಳ ಮೇಲೆ ಮೈ ಒಣಗಿಸಿಕೊಳ್ಳುವ ನೀರುನಾಯಿ, ಕಾಡಿನ ಅಂಚಿನ ಮರಗಳಲ್ಲಿ ಕೆಂಜಳಿಲು ಮತ್ತು ಕಪ್ಪು ಮುಸುವ, ಇವೆಲ್ಲ ತಾಳ್ಮೆಯಿಂದ ನೋಡುವವರಿಗೆ ಸಿಗುತ್ತವೆ. ಕೆರೆಯ ನಡುವೆ ನಿಂತಿರುವ ಕಪ್ಪು ಬೊಡ್ಡೆಗಳನ್ನು ಮಕ್ಕಳಿಗೆ ಮರೆಯದೆ ತೋರಿಸಿ. ಅವು 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ತುಂಬಿ ಈ ಕೆರೆಯಾದಾಗ ಮುಳುಗಿದ ಕಾಡಿನ ಮರಗಳು. ನೂರಕ್ಕೂ ಹೆಚ್ಚು ವರ್ಷ ನೀರಿನಲ್ಲಿ ನಿಂತಿರುವ ಆ ಬೊಡ್ಡೆಗಳ ಮೇಲೆ ನೀರುಕಾಗೆಗಳೂ ಹಾವಕ್ಕಿಗಳೂ ರೆಕ್ಕೆ ಹರಡಿ ಕುಳಿತಿರುತ್ತವೆ.

ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ, ಕಾಡು ಹಸಿರಾಗಿರುತ್ತದೆ. ಆದರೆ ಒಳಗೆಲ್ಲ ಹಳ್ಳಗಳು ಹರಿಯುವ ಆ ದಿನಗಳಲ್ಲಿ ಪ್ರಾಣಿಗಳು ಕೆರೆಗೆ ಬರಬೇಕಾದ ಅಗತ್ಯವಿಲ್ಲ. ಪ್ರಾಣಿ ನೋಡುವುದೇ ಮುಖ್ಯವಾದರೆ ಮಾರ್ಚ್–ಏಪ್ರಿಲ್ ಉತ್ತಮ. ಬೆಳಗಿನ ಮೊದಲ ದೋಣಿಗಾಗಲಿ ಸಂಜೆಯ ಕೊನೆಯ ದೋಣಿಗಾಗಲಿ ಮುಂಚಿತವಾಗಿ ಟಿಕೆಟ್ ಕಾಯ್ದಿರಿಸಿ. ಮಧ್ಯಾಹ್ನದ ಬಿಸಿಲಿನ ದೋಣಿಯಲ್ಲಿ ಕಾಣುವುದು ನೀರು ಮಾತ್ರ.

ಸುರಕ್ಷತೆಯ ಬಗ್ಗೆ ನೀವು ಕೇಳಿದ್ದು ಸರಿಯಾಗಿದೆ. 2009ರ ಸೆಪ್ಟೆಂಬರ್ 30ರ ಸಂಜೆ 'ಜಲಕನ್ಯಕ' ಎಂಬ ಎರಡಂತಸ್ತಿನ ದೋಣಿ ಈ ಕೆರೆಯಲ್ಲಿ ಮಗುಚಿ 45 ಮಂದಿ ತೀರಿಕೊಂಡರು. ಅಂದಿನಿಂದ ಜೀವರಕ್ಷಕ ಅಂಗಿ ಕಡ್ಡಾಯವಾಗಿದೆ. ಸೆಖೆಯೆಂದೋ ಫೋಟೋ ಚೆನ್ನಾಗಿ ಬರುವುದಿಲ್ಲವೆಂದೋ ಅದನ್ನು ನಡುನೀರಿನಲ್ಲಿ ಬಿಚ್ಚುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಪ್ರಾಣಿ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ಎದ್ದು ನುಗ್ಗುವುದು ಅದಕ್ಕಿಂತ ಅಪಾಯ. ಮಕ್ಕಳಿಗೆ ಇದನ್ನು ದೋಣಿ ಹತ್ತುವ ಮೊದಲೇ ಹೇಳಿಡಿ.

ಪ್ರಶ್ನೆ: ತೇಕ್ಕಡಿಯ ಕೆರೆ ಕೇರಳದಲ್ಲಿದೆ, ಆದರೆ ಅದರ ನೀರು ತಮಿಳುನಾಡಿಗೆ ಸೇರಿದ್ದು ಎನ್ನುತ್ತಾರೆ. ಇದು ಹೇಗೆ? (ನಿವೃತ್ತ ಶಿಕ್ಷಕರು, ಮೈಸೂರು)

ಉತ್ತರ: ಪೆರಿಯಾರ್ ನದಿ ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುವ ನದಿ. ಘಟ್ಟದ ಪೂರ್ವಕ್ಕಿರುವ ಮಧುರೆ, ರಾಮನಾಥಪುರದ ಸೀಮೆಗಳು ಮಳೆ ಕಡಿಮೆಯಿರುವ ನಾಡು. ಪಶ್ಚಿಮಕ್ಕೆ ಹರಿಯುವ ನೀರನ್ನು ತಡೆದು, ಬೆಟ್ಟ ಕೊರೆದು ಪೂರ್ವಕ್ಕೆ ತಿರುಗಿಸಬೇಕೆಂದು ಮದ್ರಾಸ್ ಪ್ರಾಂತ್ಯದ ಸರ್ಕಾರ ಯೋಚಿಸಿತು. 1886ರ ಅಕ್ಟೋಬರ್ 29ರಂದು ತಿರುವಾಂಕೂರಿನ ಮಹಾರಾಜರೊಂದಿಗೆ ಒಪ್ಪಂದವಾಯಿತು: ಅಣೆಕಟ್ಟಿಗೂ ಹಿನ್ನೀರಿಗೂ 8,000 ಎಕರೆ ಭೂಮಿ, ಎಕರೆಗೆ ವರ್ಷಕ್ಕೆ 5 ರೂಪಾಯಿಯಂತೆ, 999 ವರ್ಷಗಳ ಗುತ್ತಿಗೆಗೆ. 1887ರಿಂದ 1895ರವರೆಗೆ ಜಾನ್ ಪೆನ್ನಿಕ್ವಿಕ್ ಎಂಬ ಎಂಜಿನಿಯರ್, ಕಾಲರಾ ಮತ್ತು ಮಲೇರಿಯ ಮುತ್ತಿದ್ದ ಆ ಕಾಡಿನಲ್ಲಿ, ಸುಣ್ಣ ಮತ್ತು ಸುರ್ಕಿಯ (ಸುಟ್ಟ ಇಟ್ಟಿಗೆಯ ಪುಡಿ) ಗಾರೆಯಿಂದ 176 ಅಡಿ ಎತ್ತರದ ಮುಲ್ಲಪೆರಿಯಾರ್ ಅಣೆಕಟ್ಟನ್ನು ಕಟ್ಟಿಸಿದರು. ನೀರು ತೇಕ್ಕಡಿಯ ಕಡೆಯಿಂದ ಸುರಂಗದ ಮೂಲಕ ಘಟ್ಟ ದಾಟಿ, ವಿದ್ಯುತ್ ಉತ್ಪಾದಿಸಿ, ವೈಗೈ ನದಿಯ ಕಣಿವೆಗೆ ಇಳಿಯುತ್ತದೆ. ಕುಮಳಿಯಿಂದ ತಮಿಳುನಾಡಿನತ್ತ ಘಟ್ಟ ಇಳಿಯುವಾಗ ಕಾಣುವ ದಪ್ಪ ಕೊಳವೆಗಳು ಈ ನೀರಿನವೇ. ಘಟ್ಟದ ಕೆಳಗಿನ ಲೋವರ್ ಕ್ಯಾಂಪ್ ಎಂಬ ಊರಿನಲ್ಲಿ ಪೆನ್ನಿಕ್ವಿಕ್ ಅವರ ಸ್ಮಾರಕವಿದೆ; ತೇನಿ ಜಿಲ್ಲೆಯ ರೈತರ ಮನೆಗಳಲ್ಲಿ ಅವರ ಚಿತ್ರಕ್ಕೆ ಪೂಜೆ ಸಲ್ಲುತ್ತದೆ.

ಅಣೆಕಟ್ಟು ಹಳೆಯದಾಗಿದೆ, ಕೆಳಗಿರುವ ಜಿಲ್ಲೆಗಳಿಗೆ ಅಪಾಯವೆಂಬುದು ಕೇರಳದ ಆತಂಕ. ಬಲಪಡಿಸಿದ್ದೇವೆ, ನೀರು ನಮ್ಮ ಹಕ್ಕು ಎಂಬುದು ತಮಿಳುನಾಡಿನ ವಾದ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ನೀರಿನ ಮಟ್ಟವನ್ನು 142 ಅಡಿಗೆ ನಿಗದಿಪಡಿಸಿತು. ಕಾವೇರಿಯ ವಿವಾದದಲ್ಲೇ ಬೆಳೆದ ನಮಗೆ ಎರಡೂ ಕಡೆಯ ಮಾತು ಅರ್ಥವಾಗುತ್ತದೆ.

ಈ ಕಥೆಯಲ್ಲಿ ಹೆಚ್ಚಿನವರು ಗಮನಿಸದ ಒಂದು ಅಂಶವಿದೆ. ಸುತ್ತಲಿನ ಬೆಟ್ಟಗಳೆಲ್ಲ ಚಹಾ ಮತ್ತು ಏಲಕ್ಕಿ ತೋಟಗಳಾಗುತ್ತಿದ್ದ ಕಾಲದಲ್ಲಿ ಈ ಜಲಾಶಯದ ಸುತ್ತಲಿನ ಕಾಡು ಉಳಿಯಿತು. 1934ರಲ್ಲಿ ತಿರುವಾಂಕೂರಿನ ಮಹಾರಾಜ ಚಿತ್ತಿರ ತಿರುನಾಳ್ ಬಾಲರಾಮ ವರ್ಮರು ಅದನ್ನು ನೆಲ್ಲಿಕ್ಕಾಂಪಟ್ಟಿ ಎಂಬ ಹೆಸರಿನಲ್ಲಿ ವನ್ಯಧಾಮವಾಗಿಸಿದರು; 1950ರಲ್ಲಿ ಅದೇ ಬೆಳೆದು ಪೆರಿಯಾರ್ ಅಭಯಾರಣ್ಯವಾಯಿತು. ಕಾಡನ್ನು ಮುಳುಗಿಸಿದ ಕೆರೆಯೇ ಉಳಿದ ಕಾಡಿಗೆ ಕಾವಲಾಯಿತು.

ಪ್ರಶ್ನೆ: ನಮ್ಮ ಅಜ್ಜನ ಕಾಲದಲ್ಲಿ ತೋಟದ ಕಣಿವೆಯಲ್ಲೆಲ್ಲ ಏಲಕ್ಕಿಯಿತ್ತಂತೆ. ಈಗ ಮನೆಯ ಪಾಯಸಕ್ಕೂ ಅಂಗಡಿಯಿಂದ ತರುತ್ತೇವೆ. ಕುಮಳಿಯ ಕಡೆ ಮಾತ್ರ ಅದು ಹೇಗೆ ಅಷ್ಟು ಹುಲುಸಾಗಿ ಬೆಳೆಯುತ್ತದೆ? 'ಮೈಸೂರು' ಎಂಬ ತಳಿ ನಮ್ಮದೇ ಅಲ್ಲವೇ? ನಾವು ಮತ್ತೆ ಬೆಳೆಯಬಹುದೇ? (ಕಾಫಿ ಬೆಳೆಗಾರರು, ಸಕಲೇಶಪುರ)

ಉತ್ತರ: ನಿಮ್ಮ ಪತ್ರ ಓದಿದಾಗ ನನ್ನ ಬಾಲ್ಯದ ಮನೆಯ ಹಿಂದಿನ ಏಲಕ್ಕಿ ಒಣಗಿಸುವ ಗೂಡಿನ ವಾಸನೆ ಮೂಗಿಗೆ ಬಂದಂತಾಯಿತು. ಆದ್ದರಿಂದ ಈ ಉತ್ತರ ಸ್ವಲ್ಪ ಉದ್ದವಾದರೆ ಓದುಗರು ಮನ್ನಿಸಬೇಕು.

ಮೊದಲು ತಳಿಯ ಮಾತು. ಏಲಕ್ಕಿಯಲ್ಲಿ ಮಲಬಾರ್, ಮೈಸೂರು, ವಳುಕ್ಕ ಎಂದು ಮೂರು ಬಗೆಗಳಿವೆ. ಮಲಬಾರ್ ಬಗೆಯಲ್ಲಿ ಹೂಗೊಂಚಲು ನೆಲದ ಮೇಲೆ ಮಲಗಿ ಹರಡುತ್ತದೆ, ಮೈಸೂರು ಬಗೆಯಲ್ಲಿ ನೆಟ್ಟಗೆ ನಿಲ್ಲುತ್ತದೆ, ಈ ಎರಡರ ಸಹಜ ಮಿಶ್ರತಳಿಯಾದ ವಳುಕ್ಕದಲ್ಲಿ ಅರೆಬಾಗಿರುತ್ತದೆ. ವಿಚಿತ್ರವೆಂದರೆ, ನಮ್ಮ ಹಾಸನ, ಚಿಕ್ಕಮಗಳೂರು, ಕೊಡಗುಗಳ ನೆಲಕ್ಕೆ ಒಗ್ಗಿದ್ದು ಮಲಬಾರ್ ಬಗೆ; ನಮ್ಮ ಹೆಸರು ಹೊತ್ತ ಮೈಸೂರು ಬಗೆ ಚೆನ್ನಾಗಿ ಬೆಳೆಯುವುದು ಕೇರಳ ಮತ್ತು ತಮಿಳುನಾಡಿನ ಎತ್ತರದ ಬೆಟ್ಟಗಳಲ್ಲಿ. ಇದಕ್ಕೆ ಮಳೆಯ ಹಂಚಿಕೆಯೇ ಮುಖ್ಯ ಕಾರಣ. ನಮ್ಮಲ್ಲಿ ಮುಂಗಾರು ನಾಲ್ಕು ತಿಂಗಳು ಸುರಿದು ನಿಂತರೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ನೆಲ ಒಣಗುತ್ತದೆ. ಕುಮಳಿ, ವಂಡನ್‌ಮೇಡು, ಉಡುಂಬನ್‌ಚೋಲೆಯ ಬೆಟ್ಟಗಳು ಘಟ್ಟದ ಪೂರ್ವದ ಅಂಚಿನಲ್ಲಿರುವುದರಿಂದ ಮುಂಗಾರಿನ ಜೊತೆಗೆ ಹಿಂಗಾರನ್ನೂ ಪಡೆಯುತ್ತವೆ, ಬೇಸಿಗೆಯ ಮಳೆಯೂ ಅಲ್ಲಿ ಬೇಗ ಶುರುವಾಗುತ್ತದೆ. ಬೇರು ಮೇಲ್ಮಣ್ಣಿನಲ್ಲೇ ಇರುವ ಏಲಕ್ಕಿಗೆ ಒಣ ದಿನಗಳು ಕಡಿಮೆಯಾದಷ್ಟೂ ಸುಖ.

ಎರಡನೆಯದು ರೋಗ. ಏಲಕ್ಕಿಯ ಎರಡು ದೊಡ್ಡ ನಂಜುರೋಗಗಳ ಹೆಸರುಗಳು ಜಗತ್ತಿನ ಕೃಷಿ ವಿಜ್ಞಾನದ ಬರಹಗಳಲ್ಲೂ ಕನ್ನಡದಲ್ಲೇ ಇವೆ: ಒಂದು 'ಕಟ್ಟೆ', ಇನ್ನೊಂದು 'ಕೊಕ್ಕೆ ಕಂದು'. ಎಲೆಯಲ್ಲಿ ತಿಳಿಹಸಿರಿನ ಗೆರೆಗಳು ಮೂಡಿ ಗಿಡ ಕ್ರಮೇಣ ಕುಗ್ಗುವುದು ಕಟ್ಟೆ. ಬುಡದಿಂದ ಏಳುವ ಹೊಸ ಚಿಗುರು, ಅಂದರೆ ಕಂದು, ಕೊಕ್ಕೆಯಂತೆ ಬಾಗಿ ಸಿಕ್ಕಿಕೊಳ್ಳುವುದು ಕೊಕ್ಕೆ ಕಂದು. ಎರಡನ್ನೂ ಹರಡುವುದು ಸಸ್ಯಹೇನು. ಕನ್ನಡದ ಹೆಸರುಗಳೇ ವಿಜ್ಞಾನಕ್ಕೆ ಹೋದವೆಂದರೆ ನಮ್ಮ ಹಿರಿಯರು ಆ ರೋಗಗಳೊಂದಿಗೆ ಎಷ್ಟು ಹತ್ತಿರದಿಂದ ಹೆಣಗಿರಬೇಕೆಂಬುದನ್ನು ಊಹಿಸಬಹುದು. ಮದ್ದಿಲ್ಲದ ಈ ರೋಗಗಳು ಬಂದ ಗಿಡವನ್ನು ಬುಡಸಹಿತ ಕಿತ್ತು ನಾಶಮಾಡುವುದೊಂದೇ ದಾರಿ. ಕಿತ್ತ ಜಾಗದಲ್ಲಿ ಕಾಫಿ ಬಂತು, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿತು. ಇಂದು ಕಾಳುಮೆಣಸಿನಲ್ಲಿ ಕರ್ನಾಟಕವೇ ದೇಶಕ್ಕೆ ಮುಂದಿದೆ. ನಿಮ್ಮ ಅಜ್ಜ ಸೋತರೆಂದು ನಾನು ಹೇಳಲಾರೆ, ಅವರು ಬೆಳೆ ಬದಲಿಸಿಕೊಂಡರು.

ಮೂರನೆಯದು ಇಡುಕ್ಕಿಯ ರೈತನೊಬ್ಬನ ಕಣ್ಣು. ಕಟ್ಟಪ್ಪನದ ಕಡೆಯ ರೈತರೊಬ್ಬರು ತಮ್ಮ ತೋಟದಲ್ಲಿ ಹೆಚ್ಚು ಕಾಯಿ ಹಿಡಿಯುವ ವಳುಕ್ಕ ಬಗೆಯ ಗಿಡಗಳನ್ನು ವರ್ಷಗಟ್ಟಲೆ ಗಮನಿಸಿ, ಆರಿಸಿ, ಕಂದಿನಿಂದ ವೃದ್ಧಿ ಮಾಡಿದ 'ಞಳ್ಳಾನಿ' ಎಂಬ ತಳಿ 1990ರ ದಶಕದಿಂದ ಆ ಬೆಟ್ಟಗಳನ್ನೆಲ್ಲ ಆವರಿಸಿತು. ಹೆಕ್ಟೇರಿಗೆ ಕೆಲವು ನೂರು ಕಿಲೋ ಸಿಕ್ಕರೆ ಹೆಚ್ಚೆನ್ನುತ್ತಿದ್ದ ಬೆಳೆಯಲ್ಲಿ ಸಾವಿರ ಕಿಲೋ ದಾಟಿದವರು ಹುಟ್ಟಿದರು. ದೇಶದ ಸಣ್ಣ ಏಲಕ್ಕಿಯ ಬಹುಪಾಲು ಇಂದು ಇಡುಕ್ಕಿಯದು.

ಇಲ್ಲಿಯವರೆಗಿನದು ಸಂತೋಷದ ಸಂಗತಿ. ಆದರೆ ಹೊಸ ತಳಿಗೆ ಬೆಳಕು ಹೆಚ್ಚು ಬೇಕು, ಗೊಬ್ಬರ ಹೆಚ್ಚು ಬೇಕು. ಬೆಳಕಿಗಾಗಿ ಮರಗಸಿ ಬಲವಾಯಿತು, ಹಳೆಯ ಕಾಡುಮರಗಳ ಕೊಂಬೆಗಳು ಬೋಳಾದವು. ನೆರಳು ತೆಳುವಾದ ತೋಟದಲ್ಲಿ ಥ್ರಿಪ್ಸ್ ಎಂಬ ಪುಟ್ಟ ಕೀಟ ಮತ್ತು ಕಾಯಿಕೊರಕದ ಕಾಟಕ್ಕೆ ಮತ್ತೆಮತ್ತೆ ಔಷಧಿ ಸಿಂಪಡಿಸಬೇಕಾಯಿತು. ನಮ್ಮ ದೇಶದಲ್ಲಿ ಕೀಟನಾಶಕ ಅತಿ ಹೆಚ್ಚು ಬೀಳುವ ಬೆಳೆಗಳಲ್ಲಿ ಏಲಕ್ಕಿಯೂ ಒಂದಾಗಿ, ಶೇಷಾಂಶದ ಕಾರಣಕ್ಕೆ ಕೊಲ್ಲಿಯ ದೇಶಗಳಿಂದ ಸರಕು ತಿರಸ್ಕೃತವಾದದ್ದೂ ಉಂಟು. ಏಲಕ್ಕಿಯ ಹೂವು ಬೆಳಗಿನ ಜಾವ ಅರಳಿ ಒಂದೇ ದಿನ ಬಾಳುತ್ತದೆ. ಅಷ್ಟರಲ್ಲಿ ಜೇನು ಬಂದು ಕೂರದಿದ್ದರೆ ಕಾಯಿಯಿಲ್ಲ. ಕಾಡು ಬೇಕು ಎಂದು ನಾನು ಹೇಳುವಾಗ ಆನೆ, ಹುಲಿಗಳ ಮಾತನ್ನಷ್ಟೇ ಆಡುತ್ತಿಲ್ಲ, ಹೆಜ್ಜೇನು ಗೂಡು ಕಟ್ಟುವ ಎತ್ತರದ ಮರದ ಮಾತನ್ನೂ ಆಡುತ್ತಿದ್ದೇನೆ.

ಬೆಲೆಯ ಏರಿಳಿತವನ್ನೂ ನೀವು ತಿಳಿದಿರಬೇಕು. 2018ರ ಮಹಾಮಳೆ ಮತ್ತು ಮರುವರ್ಷದ ಬರದಿಂದ ಬೆಳೆ ಕುಸಿದು, 2019ರ ಆಗಸ್ಟಿನಲ್ಲಿ ವಂಡನ್‌ಮೇಡಿನ ಹತ್ತಿರದ ಪುಟ್ಟಡಿಯ ಹರಾಜಿನಲ್ಲಿ ಗರಿಷ್ಠ ಬೆಲೆ ಕಿಲೋಗೆ 7,000 ರೂಪಾಯಿ ಮುಟ್ಟಿತ್ತು. ಮೂರು ವರ್ಷದೊಳಗೆ ಸರಾಸರಿ ಬೆಲೆ ಸಾವಿರಕ್ಕಿಂತ ಕೆಳಗಿಳಿಯಿತು. ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ಬೆಳೆಯುವ ದೇಶ ಗ್ವಾಟೆಮಾಲ. ಅಲ್ಲಿನ ಮಳೆಗೂ ಇಲ್ಲಿನ ಬೆಲೆಗೂ ನಂಟಿದೆ.

ಮತ್ತೆ ಬೆಳೆಯುವುದಾದರೆ ಕಾಫಿ ಕಿತ್ತು ಹಾಕಬೇಡಿ. ನೀರಿನಾಸರೆಯಿರುವ, ತಂಪಾದ, ಮರ ಉಳಿದಿರುವ ಕಣಿವೆಯ ಒಂದೆರಡು ಎಕರೆಯಲ್ಲಿ ಪ್ರಯತ್ನಿಸಿ. ನಿಮ್ಮ ದೋಣಿಗಾಲ್‌ನಲ್ಲೇ ಭಾರತೀಯ ಏಲಕ್ಕಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಕೊಡಗಿನ ಅಪ್ಪಂಗಳದ ಕೇಂದ್ರವು ಕಟ್ಟೆ ರೋಗವನ್ನು ತಡೆದುಕೊಳ್ಳುವ 'ವಿಜೇತ' ತಳಿಯನ್ನು ಬಿಡುಗಡೆ ಮಾಡಿದೆ. ಕುಮಳಿಗೆ ಪ್ರವಾಸ ಹೋದವರು ಚೀಲದಲ್ಲಿ ಕಂದು ತಂದು ನೆಡುವುದನ್ನು ಕೇಳಿದ್ದೇನೆ. ರೋಗವೂ ಅದರೊಂದಿಗೇ ಬರಬಹುದಾದ್ದರಿಂದ ಅದನ್ನು ಮಾತ್ರ ಖಂಡಿತ ಮಾಡಬೇಡಿ.

ಪ್ರಶ್ನೆ: ಕುಮಳಿಯ ಅಂಗಡಿ ಬೀದಿಯಲ್ಲಿ ಮಸಾಲೆ ಕೊಳ್ಳುವಾಗ ಮೋಸ ಹೋಗದಿರುವುದು ಹೇಗೆ? 'ಸ್ಪೈಸ್ ಗಾರ್ಡನ್'ಗೆ ಹಣ ಕೊಟ್ಟು ಹೋಗುವುದು ಸಾರ್ಥಕವೇ? (ಗೃಹಿಣಿ, ಶಿವಮೊಗ್ಗ)

ಉತ್ತರ: ಏಲಕ್ಕಿಯ ಹಸಿರು ಹದವಾದ ಹಸಿರಾಗಿರಬೇಕು. ಕೊಯ್ದ ಕಾಯಿಯನ್ನು ಬಿಸಿಲಿಗೆ ಹಾಕದೆ, ಗೂಡಿನಲ್ಲಿ ಸುಮಾರು 50 ಡಿಗ್ರಿ ಶಾಖದಲ್ಲಿ ಒಂದು ಹಗಲು ರಾತ್ರಿಯಷ್ಟು ಒಣಗಿಸಿದರೆ ಆ ಬಣ್ಣ ಉಳಿಯುತ್ತದೆ. ಐದು ಕಿಲೋದಷ್ಟು ಹಸಿಕಾಯಿ ಒಣಗಿ ಒಂದು ಕಿಲೋ ಆಗುತ್ತದೆ. ಗಿಳಿಯ ರೆಕ್ಕೆಯಂತೆ ಕಣ್ಣು ಕುಕ್ಕುವ ಹಸಿರಿದ್ದರೆ ನಾಲ್ಕು ಕಾಯಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿ ನೋಡಿ, ಬಣ್ಣ ಬಿಟ್ಟರೆ ಹಿಂದಿರುಗಿಸಿ. ದಪ್ಪ ಕಾಯಿಗೆ ಬೆಲೆ ಹೆಚ್ಚು, ಆದರೆ ಪರಿಮಳ ಇರುವುದು ಒಳಗಿನ ಬೀಜದಲ್ಲಿ. ಒಂದು ಕಾಯಿ ಬಿಡಿಸಿ, ಬೀಜ ಕಪ್ಪಾಗಿ ಅಂಟಂಟಾಗಿದೆಯೇ ಎಂದು ನೋಡಿ ಕೊಳ್ಳಿ. ಮೆಣಸಿನ ಕಾಳು ನೀರಿನಲ್ಲಿ ಮುಳುಗಬೇಕು. ಚಕ್ಕೆಯಲ್ಲಿ ತೆಳುವಾದ ಹಲವು ಪದರಗಳು ಸುರುಳಿ ಸುತ್ತಿಕೊಂಡಿದ್ದರೆ ಅದು ನಿಜವಾದ ದಾಲ್ಚಿನ್ನಿ. ಒಂದೇ ದಪ್ಪ ತೊಗಟೆಯಾದರೆ ಬೇರೆ ಜಾತಿಯದು.

ಪ್ರವಾಸಿಗರಿಗೆ ತೋರಿಸುವ ತೋಟಗಳಲ್ಲಿ ಹೆಚ್ಚಿನವು ಒಂದೊಂದು ಗಿಡವನ್ನು ಹತ್ತಿರ ಹತ್ತಿರ ನೆಟ್ಟು ಮಾಡಿದ ಪ್ರದರ್ಶನದ ತೋಟಗಳು. ಅದರಲ್ಲಿ ತಪ್ಪೇನಿಲ್ಲ. ಜಾಯಿಕಾಯಿಯ ಹಣ್ಣು ಬಿರಿದಾಗ ಒಳಗೆ ಕೆಂಪು ಬಲೆಯಂತೆ ಸುತ್ತಿಕೊಂಡಿರುವ ಜಾಪತ್ರೆಯನ್ನು ಮಗುವೊಂದು ಮೊದಲ ಬಾರಿ ನೋಡುವುದಕ್ಕೆ ಆ ಹಣ ಹೆಚ್ಚಲ್ಲ. ಆದರೆ ಆಟೋದವರು ಒತ್ತಾಯಿಸಿ ಕರೆದೊಯ್ದ ಕಡೆಯಲ್ಲೇ ಕೊಳ್ಳಬೇಕೆಂದಿಲ್ಲ. ಅವರ ಪಾಲೂ ಬೆಲೆಯಲ್ಲಿ ಸೇರಿರುತ್ತದೆ. ನಿಜವಾದ ತೋಟ ನೋಡಬೇಕಾದರೆ ಆನಕ್ಕರ, ವಂಡನ್‌ಮೇಡಿನ ಕಡೆಗೆ ಹೋಗಿ, ಅನುಮತಿ ಕೇಳಿ, ನೆಲದ ಮಟ್ಟದ ಗೊಂಚಲಿನಿಂದ ಹೆಂಗಸರು ದಿನವಿಡೀ ಬಗ್ಗಿ ಹಣ್ಣಾಗುವ ಹದದ ಕಾಯಿಯನ್ನಷ್ಟೇ ಆರಿಸಿ ಬಿಡಿಸುವುದನ್ನು ನೋಡಿ. ಅವರಲ್ಲಿ ಅನೇಕರು ತಮಿಳುನಾಡಿನ ಕಂಬಂ ಕಣಿವೆಯಿಂದ ಬೆಳಗಿನ ಕತ್ತಲಲ್ಲೇ ಜೀಪು ಹತ್ತಿ ಘಟ್ಟ ಏರಿ ಬರುವವರು. ಅದೇ ಕಂಬಂ ಕಣಿವೆಯಲ್ಲಿ ತಲೆಮಾರುಗಳ ಹಿಂದೆ ಹೋಗಿ ನೆಲಸಿ, ಇಂದಿಗೂ ಮನೆಯಲ್ಲಿ ಕನ್ನಡವಾಡುವ ಒಕ್ಕಲಿಗ ಕುಟುಂಬಗಳಿವೆ ಎಂಬುದು ನಿಮಗೆ ಹಿಡಿಸಬಹುದಾದ ಸಂಗತಿ.

ಪ್ರಶ್ನೆ: ಪೆರಿಯಾರ್ ಕಾಡಿನಲ್ಲಿ ಹಿಂದೆ ಕಳ್ಳರಾಗಿದ್ದವರೇ ಈಗ ಕಾವಲುಗಾರರೆಂದು ಎಲ್ಲೋ ಓದಿದೆ. ಇದು ನಿಜವೇ ಅಥವಾ ಪ್ರವಾಸೋದ್ಯಮದ ಕಥೆಯೇ? (ವಿದ್ಯಾರ್ಥಿನಿ, ಧಾರವಾಡ)

ಉತ್ತರ: ನಿಜ. ಕುಮಳಿಯ ಬಗ್ಗೆ ಒಂದೇ ಒಂದು ಸಂಗತಿಯನ್ನು ಹೇಳಲು ಅವಕಾಶವಿದ್ದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ.

ಈ ಕಾಡಿನಲ್ಲಿ 'ವಯಣ' ಎಂಬ ಮರವಿದೆ. ನಮ್ಮ ಕಾಡುದಾಲ್ಚಿನ್ನಿಯ ಜಾತಿಯದು. ಅದರ ತೊಗಟೆಗೆ ಮಸಾಲೆ ಪೇಟೆಯಲ್ಲಿ ಗಿರಾಕಿಯಿದೆ. ಮರದ ಸುತ್ತ ತೊಗಟೆ ಸುಲಿದರೆ ಮರ ಸಾಯುತ್ತದೆ. ಘಟ್ಟದ ಕೆಳಗಿನಿಂದಲೂ ಕುಮಳಿಯ ಸುತ್ತಲಿಂದಲೂ ತಂಡಕಟ್ಟಿಕೊಂಡು ಕಾಡಿಗೆ ನುಗ್ಗಿ, ದಿನಗಟ್ಟಲೆ ಒಳಗೇ ಬೀಡುಬಿಟ್ಟು, ತೊಗಟೆಯ ಹೊರೆ ಹೊತ್ತು ಹೊರಬರುತ್ತಿದ್ದವರಿದ್ದರು. ಗಂಧದ ಮರಕ್ಕೂ ಬೇಟೆಗೂ ಇದೇ ದಾರಿಗಳು. ಆ ವರ್ಷಗಳಲ್ಲಿ ದಂತಕ್ಕಾಗಿ ಆನೆಗಳ ಕೊಲೆಯೂ ನಡೆದಿತ್ತು. ಏಷ್ಯಾದ ಆನೆಗಳಲ್ಲಿ ಹೆಣ್ಣಿಗೆ ಕೋರೆಯಿಲ್ಲದ ಕಾರಣ ಸತ್ತವೆಲ್ಲ ಗಂಡಾನೆಗಳೇ. 1980ರ ದಶಕದ ಕೊನೆಯ ವೇಳೆಗೆ ಪೆರಿಯಾರ್‌ನಲ್ಲಿ ನೂರು ಪ್ರಾಯದ ಹೆಣ್ಣಾನೆಗಳಿಗೆ ಒಂದು ಪ್ರಾಯದ ಗಂಡಾನೆಯೂ ಉಳಿಯದ ಸ್ಥಿತಿ ಬಂದಿತ್ತು. ಕಾಡು ಹೊರಗಿನಿಂದ ಹಸಿರಾಗಿಯೇ ಕಾಣುತ್ತಿತ್ತು, ಒಳಗೆ ಅದರ ಮುಂದಿನ ಪೀಳಿಗೆ ನಿಂತುಹೋಗುವಂತಾಗಿತ್ತು.

1996ರಿಂದ 2004ರವರೆಗೆ ವಿಶ್ವಬ್ಯಾಂಕಿನ ನೆರವಿನ ಪರಿಸರ ಅಭಿವೃದ್ಧಿ ಯೋಜನೆ ಇಲ್ಲಿ ನಡೆಯಿತು. ಕಾಡಿನಂಚಿನ ಊರುಗಳಲ್ಲಿ ಪರಿಸರ ಅಭಿವೃದ್ಧಿ ಸಮಿತಿಗಳು ಹುಟ್ಟಿದವು. ಆ ಹೊತ್ತಿನಲ್ಲಿ ಕೆಲವು ಅರಣ್ಯಾಧಿಕಾರಿಗಳು ಮೊಕದ್ದಮೆಗಳನ್ನು ಎದುರಿಸುತ್ತಿದ್ದ ತೊಗಟೆ ಕಳ್ಳರೊಂದಿಗೆ ಕುಳಿತು ಮಾತನಾಡಿದರು. 23 ಮಂದಿ ಒಪ್ಪಿ ಮುಂದೆ ಬಂದರು. ಅವರ ಸಮಿತಿಯ ಹೆಸರೇ 'ಮಾಜಿ ವಯಣ ತೊಗಟೆ ಸಂಗ್ರಾಹಕರ' ಸಮಿತಿ. ಹಳೆಯ ಕಸುಬನ್ನು ಮುಚ್ಚಿಡದೆ ಹೆಸರಿನಲ್ಲೇ ಇಟ್ಟುಕೊಂಡ ಆ ನೇರತನ ನನಗೆ ಬಹಳ ಇಷ್ಟ. 1998ರಲ್ಲಿ ಅವರನ್ನೇ ಮಾರ್ಗದರ್ಶಿಗಳಾಗಿಸಿ 'ಪೆರಿಯಾರ್ ಟೈಗರ್ ಟ್ರೈಲ್' ಎಂಬ ಕಾಡುನಡಿಗೆ ಆರಂಭವಾಯಿತು. ಪ್ರವಾಸಿಗರನ್ನು ಕರೆದೊಯ್ದು, ಕಾಡಿನಲ್ಲಿ ಡೇರೆ ಹಾಕಿ, ಅಡುಗೆ ಮಾಡಿ ಬಡಿಸಿ, ಹಿಂದಿರುಗುವುದು ಅವರ ಕೆಲಸ. ಅದೇ ನಡಿಗೆ ಕಾಡಿನ ಗಸ್ತೂ ಆಗುತ್ತದೆ. ಕಳ್ಳದಾರಿ ಯಾವುದು, ಹೊಸ ಹೆಜ್ಜೆ ಯಾರದು ಎಂಬುದನ್ನು ಅವರಿಗಿಂತ ಚೆನ್ನಾಗಿ ಓದಬಲ್ಲವರು ಇಲಾಖೆಯಲ್ಲಿ ಯಾರಿದ್ದರು? ಅವರು ಕೊಟ್ಟ ಸುಳಿವಿನಿಂದ ಬೇರೆ ತಂಡಗಳೂ ಸಿಕ್ಕಿಬಿದ್ದವು.

ಇದರ ಜೊತೆಗೆ ಹೇಳಲೇಬೇಕಾದವರು 'ವಸಂತ ಸೇನೆ'ಯ ಹೆಂಗಸರು. 2002ರಿಂದ ಕುಮಳಿಯ ಸುತ್ತಲಿನ ಮನೆಗಳ ಹೆಂಗಸರು ಸರದಿಯ ಮೇಲೆ, ಸಂಬಳವಿಲ್ಲದೆ, ಚಿಕ್ಕ ಗುಂಪುಗಳಾಗಿ ಗಂಧದ ಮರಗಳಿರುವ ಕಾಡಿನಂಚಿನಲ್ಲಿ ಗಸ್ತು ತಿರುಗುತ್ತಾ ಬಂದಿದ್ದಾರೆ. ಕಾಡಿನ ಮೂಲನಿವಾಸಿಗಳಾದ ಮನ್ನಾನ್ ಮತ್ತು ಪಳಿಯರ ಕಥೆಯೂ ಬೇರೆಯಲ್ಲ. ಅವರ ಮೆಣಸಿನ ಬೆಳೆ ಬಳ್ಳಿಯಲ್ಲಿರುವಾಗಲೇ ಸಾಲದ ಲೆಕ್ಕದಲ್ಲಿ ವ್ಯಾಪಾರಿಗಳ ಪಾಲಾಗುತ್ತಿತ್ತು. ಸಮಿತಿಗಳು ಸಾಲ ತೀರಿಸಲು ನೆರವಾಗಿ, ಬೆಳೆಯನ್ನು ಅವರೇ ಮಾರುವಂತೆ ಮಾಡಿದವು. ಮೆಣಸಿನ ಹಣ ಕೈಗೆ ಬಂದ ಮನೆಯವನು ಕಳ್ಳನ ಹೊರೆ ಹೊರಲು ಹೋಗುವುದಿಲ್ಲ.

ನೀವು ಅಲ್ಲಿಗೆ ಹೋದರೆ ದೋಣಿಯಲ್ಲಷ್ಟೇ ಕುಳಿತು ಬರಬೇಡಿ. ಅರಣ್ಯ ಇಲಾಖೆಯ ಮೂಲಕ ಒಂದು ಕಾಡುನಡಿಗೆಗೋ ಬಿದಿರಿನ ತೆಪ್ಪದ ಪಯಣಕ್ಕೋ ಹೆಸರು ಕೊಡಿ, ಜಿಗಣೆಗೆ ಹೆದರಬೇಡಿ. ನಿಮ್ಮ ಮುಂದೆ ನಡೆಯುವವರನ್ನು ವಯಣದ ಮರ ತೋರಿಸಿ ಎಂದು ಕೇಳಿ.

ಪ್ರಶ್ನೆ: ನಾವು ಪ್ರತಿವರ್ಷ ಮಾಲೆ ಧರಿಸಿ ಕುಮಳಿಯ ಮೂಲಕವೇ ಶಬರಿಮಲೆಗೆ ಹೋಗುತ್ತೇವೆ. ಆ ಕಾಡೂ ಪೆರಿಯಾರ್‌ಗೇ ಸೇರಿದ್ದೇ? (ಅಯ್ಯಪ್ಪ ಭಕ್ತರು, ತುಮಕೂರು)

ಉತ್ತರ: ಹೌದು ಸ್ವಾಮಿ, ಶಬರಿಮಲೆ ಇರುವುದು ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದ ಪಶ್ಚಿಮ ಭಾಗದಲ್ಲೇ. ಕುಮಳಿ ದಾಟಿ ವಂಡಿಪೆರಿಯಾರ್, ಸತ್ರಂ, ಪುಲ್ಲುಮೇಡಿನ ದಾರಿಯಲ್ಲಿ ನಡೆಯುವವರು ಆನೆಗಳ ಮನೆಯಂಗಳದಲ್ಲೇ ನಡೆಯುತ್ತಾರೆ. ಇರುಮುಡಿಯಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ಒಯ್ಯಬೇಡಿ. ಅಕ್ಕಿ, ಬೆಲ್ಲದ ವಾಸನೆ ಹತ್ತಿದ ಚೀಲವನ್ನು ಆನೆ, ಕಡವೆಗಳು ನುಂಗುತ್ತವೆ. ಕತ್ತಲಾದ ಮೇಲೆ ನಡೆಯಬೇಡಿ. 2011ರ ಜನವರಿ 14ರಂದು, ಮಕರಜ್ಯೋತಿ ಕಂಡು ಹಿಂದಿರುಗುತ್ತಿದ್ದ ಜನಸಂದಣಿಯಲ್ಲಿ ಪುಲ್ಲುಮೇಡಿನ ಬಳಿ ಕಾಲ್ತುಳಿತವಾಗಿ ನೂರಕ್ಕೂ ಹೆಚ್ಚು ಭಕ್ತರು ತೀರಿಕೊಂಡರು, ಅವರಲ್ಲಿ ನಮ್ಮ ರಾಜ್ಯದವರೂ ಇದ್ದರು. ಆ ದಾರಿಯಲ್ಲಿ ಗುಂಪು ಮುಂದೆ ಹೋಯಿತೆಂದು ಓಡುವುದು ಬೇಡ.

ಪ್ರಶ್ನೆ: ಆನೆಯ ಕಾಟದಿಂದ ನಮ್ಮ ಆಲೂರು ತಾಲ್ಲೂಕು ತತ್ತರಿಸಿದೆ. ಕೇರಳದಲ್ಲಿ ಪುಂಡಾನೆಯನ್ನು ಹಿಡಿದು ಪೆರಿಯಾರ್ ಕಾಡಿಗೆ ಬಿಟ್ಟರಲ್ಲ, ಇಲ್ಲಿಯೂ ಹಾಗೆ ಮಾಡಬಾರದೇಕೆ? (ರೈತರು, ಹಾಸನ ಜಿಲ್ಲೆ)

ಉತ್ತರ: ನಿಮ್ಮ ಪತ್ರದಲ್ಲಿನ ನೋವು ನನಗೆ ತಿಳಿಯುತ್ತದೆ, ರಾತ್ರಿ ತೋಟದಲ್ಲಿ ಕೊಂಬೆ ಮುರಿದ ಸದ್ದು ಕೇಳಿ ಎಚ್ಚರಗೊಂಡವರಿಗೆ ಆನೆಯ ಸೊಬಗಿನ ಮಾತು ರುಚಿಸುವುದಿಲ್ಲ. ಆದರೆ ನೀವು ಹೇಳಿದ ಆ ಆನೆಯ ಕಥೆಯನ್ನು ಕೊನೆಯವರೆಗೆ ಕೇಳಬೇಕು.

ಅದರ ಹೆಸರು ಅರಿಕ್ಕೊಂಬನ್. ಅರಿ ಎಂದರೆ ಅಕ್ಕಿ, ಪಡಿತರದಂಗಡಿ ಮುರಿದು ಅಕ್ಕಿ ತಿನ್ನುತ್ತಿದ್ದ ಸಲಗ. ಅದಿದ್ದದ್ದು ಇಡುಕ್ಕಿಯ ಚಿನ್ನಕ್ಕನಾಲ್‌ನಲ್ಲಿ, ಏಲಕ್ಕಿ ತೋಟಗಳ ನಡುವೆ. ಪಕ್ಕದ ಜಲಾಶಯದ ಹೆಸರು ಆನಯಿರಂಗಲ್, ಅಂದರೆ ಆನೆ ಇಳಿಯುವ ಜಾಗ. 2002ರ ಸುಮಾರಿಗೆ ಆನೆಗಳ ಆ ದಾರಿಯಲ್ಲೇ ಭೂಮಿಯಿಲ್ಲದ ಆದಿವಾಸಿ ಕುಟುಂಬಗಳಿಗೆ ಜಾಗ ಕೊಟ್ಟು '301 ಕಾಲೊನಿ' ಮಾಡಲಾಯಿತು. ಬಡವರನ್ನೂ ಆನೆಯನ್ನೂ ಒಂದೇ ಇಕ್ಕಟ್ಟಿಗೆ ನೂಕಿದ ಆ ತೀರ್ಮಾನದ ಫಲವನ್ನು ಇಬ್ಬರೂ ಉಂಡರು. 2023ರ ಏಪ್ರಿಲ್ ಕೊನೆಯಲ್ಲಿ ಅರಿವಳಿಕೆ ಕೊಟ್ಟು, ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ, ಆನೆಯನ್ನು ಪೆರಿಯಾರ್ ಕಾಡಿನಲ್ಲಿ ಬಿಟ್ಟರು. ಒಂದು ತಿಂಗಳೊಳಗೆ ಅದು ಘಟ್ಟ ಇಳಿದು ಕಂಬಂ ಪಟ್ಟಣದ ಬೀದಿಗೆ ಬಂತು. ಗಾಯಗೊಂಡ ಒಬ್ಬರು ತೀರಿಕೊಂಡರು. ಜೂನ್ ಮೊದಲ ವಾರದಲ್ಲಿ ತಮಿಳುನಾಡಿನವರು ಮತ್ತೆ ಹಿಡಿದು, ಇನ್ನೂರು ಕಿಲೋಮೀಟರಿಗೂ ದೂರದ ಕಳಕ್ಕಾಡು–ಮುಂಡಂತುರೈ ಕಾಡಿಗೆ ಸಾಗಿಸಿದರು. ಪೆರಿಯಾರ್ ಅದಕ್ಕೆ ದೊಡ್ಡ ಕಾಡಾಗಿರಬಹುದು, ಆದರೆ ಪರಿಚಿತ ಕಾಡಾಗಿರಲಿಲ್ಲ.

ನಿಮ್ಮ ಆಲೂರು–ಸಕಲೇಶಪುರದಲ್ಲೇ 2014ರ ಸುಮಾರಿಗೆ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಮನುಷ್ಯರನ್ನು ಕೊಲ್ಲುವುದೇ ಅಭ್ಯಾಸವಾದ ಒಂಟಿ ಸಲಗವನ್ನು ಹಿಡಿಯಲೇಬೇಕಾದ ಸಂದರ್ಭಗಳಿವೆ, ಅದನ್ನು ನಾನು ವಿರೋಧಿಸುವುದಿಲ್ಲ. ಆದರೆ ಹಿಂಡುಗಳ ವಿಷಯದಲ್ಲಿ ಈವರೆಗೆ ಜೀವ ಉಳಿಸಿರುವುದು ಮುನ್ನೆಚ್ಚರಿಕೆ: ತಮಿಳುನಾಡಿನ ವಾಲ್ಪಾರೈಯ ಚಹಾ ತೋಟಗಳಲ್ಲಿ ಆನೆ ಎಲ್ಲಿದೆಯೆಂದು ಸಂಜೆಯೇ ಮೊಬೈಲಿಗೆ ಸಂದೇಶ ಕಳುಹಿಸಿ, ಎತ್ತರದಲ್ಲಿ ಕೆಂಪು ದೀಪ ಹೊತ್ತಿಸುವ ಏರ್ಪಾಡಿದೆ, ನಿಮ್ಮ ಹಾಸನದಲ್ಲೂ ಅದೇ ಮಾದರಿಯ ಸಂದೇಶ ಮತ್ತು ಫಲಕಗಳ ವ್ಯವಸ್ಥೆ ಬಂದಿದೆ. ನಿಮ್ಮ ಮನೆಯ ಎಲ್ಲರ ಸಂಖ್ಯೆಗಳೂ, ಮುಖ್ಯವಾಗಿ ಬೆಳಗ್ಗೆ ಎಲ್ಲರಿಗಿಂತ ಮೊದಲು ತೋಟಕ್ಕೆ ಇಳಿಯುವ ಕೂಲಿಯವರ ಸಂಖ್ಯೆಗಳೂ ಆ ಪಟ್ಟಿಯಲ್ಲಿವೆಯೇ ಎಂದು ಈ ವಾರವೇ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ಕೇಳಿ. ಇಲ್ಲದಿದ್ದರೆ ಬರೆಸಿ ಬನ್ನಿ.